ಮಸರತ್ ಗೆಲ್ಲಿಸಿಕೊಟ್ಟ ಕೇಸು

ನ್ಯೂ ಜೆರ್ಸಿಯ ಐಸ್ಲಿನ್‌ನಲ್ಲಿ ಸೀರೆ ಅಂಗಡಿ, ಚಿನ್ನದಂಗಡಿ, ದೋಸೆ ಹೋಟೆಲುಗಳ ಸಾಲು ಮುಗಿದು ರಸ್ತೆ ಸ್ವಲ್ಪ ಸುಮ್ಮನಾಗುವ ಕಡೆ, ಒಬ್ಬ ದಂತವೈದ್ಯರ ಕ್ಲಿನಿಕ್ಕಿನ ಮೇಲೆ, ಎರಡು ಕೋಣೆಗಳ ಒಂದು ಕಚೇರಿ ಇದೆ. ಬಾಡಿಗೆದಾರರಿಗೆ, ಗಂಡನ ಮನೆಯಿಂದ ಹೊರಬಿದ್ದವರಿಗೆ, ಸರ್ಕಾರದ ನೆರವು ಸಿಗುತ್ತದೋ ಇಲ್ಲವೋ ತಿಳಿಯದವರಿಗೆ ಕಾನೂನು ಏನು ಹೇಳುತ್ತದೆ ಎಂದು ಅಲ್ಲಿ ತಿಳಿಸಿಕೊಡುತ್ತಾರೆ. ಮೈಸೂರಿನ ಮಸರತ್ ಅಲ್ಲಿ ಕೆಲಸಕ್ಕೆ ಸೇರಿ ಒಂಬತ್ತು ವರ್ಷವಾಯಿತು.

ಮಸರತ್ ಹುಟ್ಟಿದ್ದು ಮಂಡಿ ಮೊಹಲ್ಲಾದಲ್ಲಿ. ಅವರ ಮನೆತನದಲ್ಲಿ ಕಾನೂನು ಓದಿದ ಮೊದಲ ಹೆಣ್ಣುಮಗಳು. ಕೌಟುಂಬಿಕ ನ್ಯಾಯಾಲಯದಲ್ಲಿ ಒಬ್ಬ ಹಿರಿಯ ವಕೀಲರ ಕೈಕೆಳಗೆ ಎರಡು ವರ್ಷ ಕರಿಕೋಟು ಹಾಕಿದ್ದಳು. ಆಮೇಲೆ ಪೀರ್ ಅಹ್ಮದ್ ಜೊತೆ ಮದುವೆಯಾಗಿ ನ್ಯೂ ಜೆರ್ಸಿಗೆ ಬಂದಳು. ಇಲ್ಲಿ ಆ ಪದವಿಗೆ ಬೆಲೆ ಇರಲಿಲ್ಲ. ಮತ್ತೆ ಓದಬೇಕು, ಮತ್ತೆ ಪರೀಕ್ಷೆ ಬರೆಯಬೇಕು ಅಂದರು. ಓದೋಣ ಅಂದುಕೊಳ್ಳುವಷ್ಟರಲ್ಲಿ ಮಗಳು ಅಕ್ಸಾ ಹುಟ್ಟಿದಳು. ಗಂಡನ ಟ್ರಾವೆಲ್ ಏಜೆನ್ಸಿಯಲ್ಲಿ ಕೂತು ಊರಿಗೆ ಹೋಗುವವರಿಗೆಲ್ಲ ಟಿಕೆಟ್ ಬುಕ್ ಮಾಡುತ್ತ ವರ್ಷಗಳು ಕಳೆದವು. ಜನ ತಮ್ಮ ಟಿಕೆಟ್ಟನ್ನು ತಾವೇ ಫೋನಿನಲ್ಲಿ ಬುಕ್ ಮಾಡಿಕೊಳ್ಳಲು ಕಲಿತ ಮೇಲೆ ಏಜೆನ್ಸಿಯಲ್ಲಿ ಇಬ್ಬರಿಗೆ ಕೆಲಸ ಉಳಿಯಲಿಲ್ಲ. ಆಗ ಅವಳು ಈ ಕಚೇರಿಯ ಮೆಟ್ಟಿಲು ಹತ್ತಿದಳು.

ಅಲ್ಲಿ ಅವಳಿಗೆ ಒಂದು ನಿಯಮವಿತ್ತು. ಕಾನೂನಿನ ಮಾಹಿತಿ ಕೊಡಬಹುದು, ಸಲಹೆ ಕೊಡುವ ಹಾಗಿಲ್ಲ. ಯಾರೇ ಎದುರಿಗೆ ಬಂದು ಕೂತರೂ "ನಾನು ವಕೀಲಳಲ್ಲ" ಎಂದೇ ಮಾತು ಶುರುಮಾಡಬೇಕು. ಮೊದಮೊದಲು ಆ ಮಾತನ್ನು ಅವಸರದಲ್ಲಿ ಆಡಿ ಮುಗಿಸುತ್ತಿದ್ದಳು. ಬರಬರುತ್ತ ರೂಢಿಯಾಯಿತು. ಬಂದವರು ಅವಳ ಮಾತನ್ನು ನಂಬುತ್ತಿದ್ದರು, ಏಕೆಂದರೆ ಅವಳು ಯಾವುದನ್ನೂ ಸಿಹಿ ಮಾಡಿ ಹೇಳುತ್ತಿರಲಿಲ್ಲ. ಇರುವ ಹಕ್ಕನ್ನು ಇದೆ ಅನ್ನುತ್ತಿದ್ದಳು, ಇಲ್ಲದ್ದನ್ನು ಇಲ್ಲ ಅನ್ನುತ್ತಿದ್ದಳು.

ಶೈಲಮ್ಮ ಅವಳ ಹತ್ತಿರ ಬಂದದ್ದು ಒಂದು ಏಪ್ರಿಲ್‌ನಲ್ಲಿ. ಇಳಕಲ್ ಸೀರೆಯ ಮೇಲೆ ಗಂಡಸರ ದಪ್ಪ ಜಾಕೆಟ್, ಕಾಲಿಗೆ ಸ್ಪೋರ್ಟ್ಸ್ ಶೂ. ವಯಸ್ಸು ಅರವತ್ತೈದು ದಾಟಿತ್ತು. ಇಂಡಿಯನ್ ಸ್ಟೋರಿನಲ್ಲಿ ಯಾರೋ ಹೇಳಿದ್ದನ್ನು ನೆನಪಿಟ್ಟುಕೊಂಡು ಒಬ್ಬಳೇ ನಡೆದು ಬಂದಿದ್ದಳು. ಮಸರತ್ ಹಿಂದಿಯಲ್ಲಿ ಮಾತಾಡಿಸಿದಳು. ಶೈಲಮ್ಮನಿಗೆ ಹಿಂದಿ ಬರುತ್ತಿರಲಿಲ್ಲ. ಕೊನೆಗೆ ಮಸರತ್ ಕನ್ನಡದಲ್ಲಿ ಕೇಳಿದಾಗ ಆಕೆ ಕುರ್ಚಿಯ ತುದಿಯಿಂದ ಹಿಂದಕ್ಕೆ ಸರಿದು ಪೂರ್ತಿಯಾಗಿ ಕೂತುಕೊಂಡಳು.

ಸಿಂಧನೂರಿನ ಕಡೆಯವಳು ಶೈಲಮ್ಮ. ಗಂಡ ತೀರಿಕೊಂಡಿದ್ದ. ಒಬ್ಬನೇ ಮಗ ಶಿವಕಿರಣ್ ಇಲ್ಲೊಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ವಿಭಾಗದಲ್ಲಿದ್ದ. ಹೆಂಡತಿ ಜಾನ್ವಿ ಬೆಂಗಳೂರಿನವಳು, ಇನ್ಶೂರೆನ್ಸ್ ಕಂಪನಿಯಲ್ಲಿ ಕೆಲಸ. ಮಗು ಸಿರಿ ಹುಟ್ಟುವ ಹೊತ್ತಿಗೆ ಶೈಲಮ್ಮ ಬಂದಳು, ಮಧ್ಯೆ ಒಮ್ಮೆ ಊರಿಗೆ ಹೋಗಿ ಬಂದಳು, ಆಮೇಲೆ ಮಗ ಗ್ರೀನ್ ಕಾರ್ಡ್ ಮಾಡಿಸಿದ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದುದರಿಂದ ಸಿರಿಯನ್ನು ಎತ್ತಿ ಆಡಿಸಿದ್ದು, ಉಣಿಸಿದ್ದು, ಮಲಗಿಸಿದ್ದು ಎಲ್ಲ ಶೈಲಮ್ಮನೇ. ಸಿರಿ ಮೊದಲು ಕಲಿತದ್ದೂ ಸಿಂಧನೂರಿನ ಕನ್ನಡವನ್ನೇ. ಶಾಲೆಯಲ್ಲಿ ಬಾಯಾರಿಕೆಯಾದಾಗ ಟೀಚರ್ ಹತ್ತಿರ "ನೀರು ಬೇಕ್ರಿ" ಅಂದಿದ್ದಳಂತೆ.

ಆ ವರ್ಷ ಫೆಬ್ರವರಿಯಲ್ಲಿ ದೊಡ್ಡ ಹಿಮ ಬಿತ್ತು. ಕಾರು ತೆಗೆಯಲು ದಾರಿ ಮಾಡಬೇಕೆಂದು ಶಿವಕಿರಣ್ ಸಲಿಕೆ ಹಿಡಿದು ಹೊರಗೆ ಹೋದ. ಜಾನ್ವಿ ಹಿಂದಿನ ದಿನವೇ ಆಫೀಸಿನ ಕೆಲಸದ ಮೇಲೆ ಫಿಲಡೆಲ್ಫಿಯಾಕ್ಕೆ ಹೋಗಿದ್ದಳು. ನಾಲ್ಕು ವರ್ಷದ ಸಿರಿ ಮಲಗಿದ್ದಳು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಶೈಲಮ್ಮ ಕಿಟಕಿಯಿಂದ ನೋಡಿದಾಗ ಮಗ ಹಿಮದ ಮೇಲೆ ಮಗ್ಗುಲಾಗಿ ಬಿದ್ದಿದ್ದ. ಆಂಬುಲೆನ್ಸ್ ಬರುವ ಹೊತ್ತಿಗೆ ಉಸಿರಿರಲಿಲ್ಲ. ಮೂವತ್ತೊಂಬತ್ತು ವರ್ಷ.

ಇದನ್ನೆಲ್ಲ ಶೈಲಮ್ಮ ಅಳದೆ ಹೇಳಿದಳು. ಈಗ ಜಾನ್ವಿ ಮನೆ ಮಾರುತ್ತಾಳಂತೆ. ಊರಿಗೆ ಟಿಕೆಟ್ ತೆಗೆಸುತ್ತೇನೆ, ಹೊರಡಿ ಅಂದಿದ್ದಾಳೆ. "ಹೋಗಾಕ ನಂಗೇನ್ ಇಲ್ರಿ ಮೇಡಂ. ಆದ್ರ ಆ ಕೂಸು ನನ್ನ ಬಿಟ್ಟು ಮಲಗೂದಿಲ್ಲ. ಅದಕ್ಕೇನರ ಕಾಯ್ದೆ ಐತೇನು ಕೇಳೋಣ ಅಂತ ಬಂದೆ."

ನಾನು ವಕೀಲಳಲ್ಲ ಅಂದಳು ಮಸರತ್. ಆಮೇಲೆ ತಿಳಿದದ್ದನ್ನೆಲ್ಲ ಹೇಳಿದಳು. ಮನೆ ಶಿವಕಿರಣ್ ಮತ್ತು ಜಾನ್ವಿ ಇಬ್ಬರ ಹೆಸರಿನಲ್ಲಿತ್ತು, ಈಗ ಜಾನ್ವಿಯದು. ನಮ್ಮ ಕಡೆ ಹಿಂದೂ ಕಾನೂನಿನಲ್ಲಿ ಸತ್ತ ಮಗನ ಆಸ್ತಿಯಲ್ಲಿ ತಾಯಿಗೂ ಪಾಲಿದೆ. ಇಲ್ಲಿ ವಿಲ್ ಬರೆಯದೆ ಸತ್ತರೆ ಎಲ್ಲವೂ ಹೆಂಡತಿಗೆ. ಆದರೆ ಮನೆಯೊಳಗೆ ಇರುವವರನ್ನು ಕೋರ್ಟಿನ ಆದೇಶವಿಲ್ಲದೆ ಹೊರಗೆ ಹಾಕುವ ಹಾಗಿಲ್ಲ. ಬೀಗ ಬದಲಾಯಿಸುವ ಹಾಗಿಲ್ಲ, ಬಟ್ಟೆಬರೆ ಹೊರಗಿಡುವ ಹಾಗಿಲ್ಲ. ಸರ್ಕಾರದ ನೆರವು ಕೇಳೋಣವೆಂದರೆ ಗ್ರೀನ್ ಕಾರ್ಡ್ ಬಂದು ಐದು ವರ್ಷ ಆಗಬೇಕು, ಆಗಿರಲಿಲ್ಲ. ತಾಯಿಯನ್ನು ತಾನೇ ನೋಡಿಕೊಳ್ಳುತ್ತೇನೆಂದು ಸರ್ಕಾರಕ್ಕೆ ಬರೆದುಕೊಟ್ಟವನು ಮಗ. ಅವನು ಸತ್ತ ಮೇಲೆ ಆ ಹೊಣೆಯೂ ಮುಗಿಯಿತು.

ಶೈಲಮ್ಮ ಎಲ್ಲವನ್ನೂ ಕೇಳಿಸಿಕೊಂಡು, ಹಾಗಾದರೆ ಸಿರಿಯ ಬಗ್ಗೆ ಏನೂ ಇಲ್ಲವೇ ಎಂದು ಮತ್ತೆ ಕೇಳಿದಳು. ಅವಳಿಗೆ ಬೇಕಾಗಿದ್ದದ್ದು ಅದೊಂದೇ. ಇದೆ ಅಂದಳು ಮಸರತ್. ಮೊಮ್ಮಗುವನ್ನು ನೋಡಲು ಅಜ್ಜಿ ಕೋರ್ಟಿಗೆ ಅರ್ಜಿ ಹಾಕಬಹುದು. ಗೆಲ್ಲುವುದು ಸುಲಭವಲ್ಲ. ಆದರೆ ಮಗುವನ್ನು ದಿನವಿಡೀ ನೋಡಿಕೊಂಡ ಅಜ್ಜಿಯ ಮಾತಿಗೆ ಕಾನೂನಿನಲ್ಲಿ ತೂಕ ಹೆಚ್ಚು. ಆ ದಿನ ಮಸರತ್‌ಗೆ ತನ್ನ ಕೆಲಸದ ಬಗ್ಗೆ ಹೆಮ್ಮೆಯೆನಿಸಿತು. ಎಲ್ಲ ಬಾಗಿಲೂ ಮುಚ್ಚಿದ್ದ ಕಡೆ ಒಂದನ್ನು ತೆರೆದು ತೋರಿಸಿದೆ ಅಂದುಕೊಂಡಳು.

ಶೈಲಮ್ಮ ಆಗ ಅರ್ಜಿ ಹಾಕಲಿಲ್ಲ. ಮನೆಗೆ ಹೋಗಿ, ಕೋರ್ಟಿನ ಆದೇಶ ಇಲ್ಲದೆ ನನ್ನನ್ನು ಕಳಿಸಲು ಬರುವುದಿಲ್ಲವಂತೆ ಎಂದು ಸೊಸೆಗೆ ಹೇಳಿದಳು. ಆ ಮಾತಿನಿಂದ ಮನೆ ಮುರಿಯಿತು. ಜಾನ್ವಿ ಕಿರುಚಾಡುವ ಹೆಂಗಸಲ್ಲ. ಅವಳು ಮಾತು ಬಿಟ್ಟಳು. ಸಿರಿಯನ್ನು ಶಾಲೆ ಮುಗಿದ ಮೇಲೂ ಅಲ್ಲೇ ಸಂಜೆಯವರೆಗೆ ಬಿಡತೊಡಗಿದಳು. ಇಬ್ಬರು ಹೆಂಗಸರೂ ಬೇರೆ ಬೇರೆ ಹೊತ್ತಿನಲ್ಲಿ ಅಡುಗೆ ಮಾಡಿಕೊಂಡು ಬೇರೆ ಬೇರೆ ಹೊತ್ತಿನಲ್ಲಿ ಊಟ ಮಾಡುತ್ತಿದ್ದರು. ಮೇ ಮುಗಿಯುವ ಮೊದಲೇ ಶೈಲಮ್ಮ ತಾನಾಗಿಯೇ ಹೊರಟಳು. ಸೊಸೆಯನ್ನು ಕೋರ್ಟ್ ಹತ್ತಿಸಿ ಆ ಮನೆಯಲ್ಲಿ ಇರುವುದು ಅವಳಿಂದ ಆಗಲಿಲ್ಲ.

ಎಲ್ಲಿಗೆ ಹೋಗುವುದು? ಪೀರ್ ಅಹ್ಮದ್, ನಮ್ಮ ಮನೆಯ ಮೇಲಿನ ಕೋಣೆ ಖಾಲಿಯಿದೆ, ಅಕ್ಸಾ ಹಾಸ್ಟೆಲಿನಲ್ಲಿದ್ದಾಳೆ, ಬೇಕಾದರೆ ಅವರು ಬೇರೆ ಪಾತ್ರೆಯಲ್ಲಿ ಅಡುಗೆ ಮಾಡಿಕೊಳ್ಳಲಿ ಅಂದ. ಕಚೇರಿಗೆ ಬಂದವರನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದೆಂಬ ನಿಯಮ ಅಡ್ಡ ಬಂತು. ಕಡೆಗೆ ರಾಬಿನ್ಸ್‌ವಿಲ್‌ನಲ್ಲಿ ಒಂದು ಗುಜರಾತಿ ಕುಟುಂಬ ಸಿಕ್ಕಿತು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಮನೆಯಲ್ಲಿ ಕುಶ್ ಎಂಬ ಎಂಟು ತಿಂಗಳ ಗಂಡುಮಗು. ಊಟ, ಒಂದು ಕೋಣೆ, ಕೈಗೆ ಅಷ್ಟಿಷ್ಟು. ಶೈಲಮ್ಮ ಅವರ ಮಗುವನ್ನು ನೋಡಿಕೊಳ್ಳಬೇಕು. ಅವಳನ್ನು ಬಿಡಲು ಹೋದ ಮಸರತ್ ನೋಡುತ್ತಿದ್ದಂತೆಯೇ ಶೈಲಮ್ಮ ಆ ಮಗುವನ್ನು ಸೊಂಟಕ್ಕೆ ಏರಿಸಿಕೊಂಡಳು. ಮಗು ಅವಳ ಕೊರಳಿನ ಲಿಂಗದ ಕರಡಿಗೆ ಹಿಡಿದು ಎಳೆಯಿತು. ಶೈಲಮ್ಮ ಮುಖ ಬೇರೆ ಕಡೆ ತಿರುಗಿಸಿದಳು.

ಪ್ರತಿ ಭಾನುವಾರ ಸಿರಿಯನ್ನು ಕರೆತರುತ್ತೇನೆಂದು ಜಾನ್ವಿ ಮಾತು ಕೊಟ್ಟಿದ್ದಳು. ಎರಡು ಸಲ ಕರೆತಂದಳು. ಎರಡನೆಯ ಸಲ ಹೊರಡುವಾಗ ಸಿರಿ ಅಜ್ಜಿಯ ಸೀರೆ ಬಿಡಲಿಲ್ಲ. ಕಾರಿನಲ್ಲಿ ಕೂರಿಸಲು ಮಗುವಿನ ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು. ಅದಾದ ಮೇಲೆ ಜಾನ್ವಿ ಬರಲಿಲ್ಲ. ಫೋನು ಮಾಡಿದರೆ, ಮಗು ರಾತ್ರಿಯೆಲ್ಲ ಅಳುತ್ತದೆ, ಸ್ವಲ್ಪ ದಿನ ಬಿಡಿ ಅಂದಳು. ಬೇಸಿಗೆ ಕಳೆಯಿತು, ಎಲೆ ಉದುರುವ ಕಾಲ ಬಂತು.

ಆಗ ಶೈಲಮ್ಮ ಮತ್ತೆ ಆ ಮೆಟ್ಟಿಲು ಹತ್ತಿದಳು. ಆ ಅರ್ಜಿ ಹಾಕೋಣ ಅಂದಳು.

ಕಚೇರಿಯ ಮೂಲಕ ಜಯ್ ಎಂಬ ವಕೀಲ ಶುಲ್ಕವಿಲ್ಲದೆ ಕೇಸು ಹಿಡಿದ. ಎಡಿಸನ್‌ನಲ್ಲೇ ಹುಟ್ಟಿ ಬೆಳೆದ ಹುಡುಗ, ಕನ್ನಡ ಬಾರದು, ಆದರೆ ಕಳಕಳಿಯಿಂದ ಕೆಲಸ ಮಾಡುವವನು. ಜಾನ್ವಿಯ ವಕೀಲರು ಉತ್ತರ ಕೊಟ್ಟರು. ಅದರಲ್ಲಿ ಮುಖ್ಯವಾದ ಮಾತು ಒಂದೇ. ಈಕೆಗೆ ಇಂಗ್ಲಿಷ್ ಬರುವುದಿಲ್ಲ, ತುರ್ತು ಹೊತ್ತಿನಲ್ಲಿ ಏನು ಮಾಡಬೇಕೆಂದು ತಿಳಿಯುವುದಿಲ್ಲ, ಸ್ವಂತ ಮಗ ಕಣ್ಣೆದುರಿಗೆ ಬಿದ್ದಾಗ ಆಂಬುಲೆನ್ಸ್ ಕರೆಯಲಿಲ್ಲ, ಇಂಥವರ ಹತ್ತಿರ ಮಗುವನ್ನು ಬಿಡುವುದು ಅಪಾಯ.

ಅದನ್ನು ಕನ್ನಡದಲ್ಲಿ ಹೇಳಬೇಕಾದವಳು ಮಸರತ್. ಅವಳು ಹೇಳಿದಳು. ಶೈಲಮ್ಮನಿಗೆ ಆಶ್ಚರ್ಯವಾಗಲಿಲ್ಲ. ಸೊಸೆ ತನ್ನ ಮುಖ ನೋಡಲಾರದೆ ಹೋದದ್ದು ಏಕೆಂದು ಅವಳಿಗೆ ಫೆಬ್ರವರಿಯಿಂದಲೂ ಗೊತ್ತಿತ್ತು.

ವಿಚಾರಣೆಗೆ ಮೊದಲು ಜಯ್‌ನನ್ನು ನೋಡಲು ನ್ಯೂ ಬ್ರನ್ಸ್‌ವಿಕ್‌ಗೆ ಹೋಗುವಾಗ, ಕಾರಿನಲ್ಲಿ, ಶೈಲಮ್ಮ ತಾನಾಗಿಯೇ ಆ ಬೆಳಗಿನ ಮಾತು ತೆಗೆದಳು. ಬರಿಗಾಲಲ್ಲಿ ಹಿಮದೊಳಗೆ ಓಡಿದ್ದಳು. ಅವಳ ಫೋನಿನಲ್ಲಿ ಕರೆನ್ಸಿ ಮುಗಿದಿತ್ತೋ ಏನೋ, ಯಾರಿಗೂ ಹೋಗುತ್ತಿರಲಿಲ್ಲ. ಮಗನ ಜೇಬಿನಿಂದ ಅವನ ಫೋನು ತೆಗೆದಳು. ಅದು ಅವನ ಹೆಬ್ಬೆಟ್ಟು ಒತ್ತಿದರೆ ತೆರೆಯುತ್ತದೆಂದು ನೋಡಿ ಗೊತ್ತಿತ್ತು. ಗ್ಲೌಸ್ ಕಿತ್ತು, ಅವನ ಹೆಬ್ಬೆಟ್ಟು ಹಿಡಿದು ಒತ್ತಿದಳು. ತೆರೆಯಲಿಲ್ಲ. ಸೆರಗಿನಿಂದ ಒರೆಸಿ ಮತ್ತೆ ಒತ್ತಿದಳು. ಬಾಯಿಂದ ಗಾಳಿ ಊದಿ ಬೆರಳು ಬೆಚ್ಚಗೆ ಮಾಡಿ ಮತ್ತೆ ಒತ್ತಿದಳು. ಆಮೇಲೆ ಎದುರು ಮನೆಯ ಬಾಗಿಲು ಬಡಿದಳು, ಯಾರೂ ಇರಲಿಲ್ಲ. ಅದರಾಚೆ ಮನೆಯ ಮುದುಕ ಹೊರಗೆ ಬಂದ. ಆತನಿಗೆ ಇವಳ ಮಾತು ತಿಳಿಯಲಿಲ್ಲ, ಕೈ ಹಿಡಿದು ಎಳೆದುಕೊಂಡು ಬರಬೇಕಾಯಿತು. ಆಂಬುಲೆನ್ಸ್ ಕರೆದವನು ಆತನೇ.

ಲಾಕ್ ತೆಗೆಯದೆಯೂ ಆ ಫೋನಿನಿಂದ ಆಂಬುಲೆನ್ಸಿಗೆ ಕರೆ ಮಾಡಬಹುದಿತ್ತು. ಮಸರತ್‌ಗೆ ಅದು ಗೊತ್ತಿತ್ತು. ಅವಳು ಸ್ಟಿಯರಿಂಗ್ ಹಿಡಿದು ರಸ್ತೆ ನೋಡುತ್ತ ಕೂತಳು, ಆ ಮಾತು ಬಾಯಿಂದ ಬರದಂತೆ ನೋಡಿಕೊಂಡಳು.

ಜಯ್ ಇದನ್ನು ಕೇಳಿ, ಇದನ್ನು ಜಡ್ಜ್ ಮುಂದೆ ಹೇಳಲೇಬೇಕು ಅಂದ. ಆಕೆ ಸುಮ್ಮನೆ ನಿಂತಿರಲಿಲ್ಲ, ತಿಳಿದದ್ದನ್ನೆಲ್ಲ ಮಾಡಿದ್ದಳು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಏನು ಬೇಕು. ಶೈಲಮ್ಮ ಒಪ್ಪಲಿಲ್ಲ.

"ಅಲ್ಲಿ ಜಾನ್ವಿ ಕುಂತಿರ್ತಾಳ," ಅಂದಳು. "ಅಂವನ ಕೈ ಹೆಂಗಿತ್ತು ಅಂತ ಅಕಿ ಕೇಳಬಾರ್ದ್ರಿ. ಕೇಳಿದ್ರ ಅದು ಅಕಿ ಕಣ್ಣಾಗ ಕುಂದರ್ತೈತಿ. ನನ್ನ ಕಣ್ಣಾಗ ಐತಲ್ಲ, ಅಷ್ಟ ಸಾಕು."

ಮಸರತ್ ಅದನ್ನು ಇಂಗ್ಲಿಷಿಗೆ ತಂದಳು. ಜಯ್ ತಲೆ ತಗ್ಗಿಸಿಕೊಂಡು ಕಾಗದಗಳನ್ನು ಜೋಡಿಸಿದ.

ವಿಚಾರಣೆಯ ದಿನ ಕೋರ್ಟು ಕೊಟ್ಟ ದುಭಾಷಿ ಫೋನಿನಲ್ಲಿದ್ದ. ಎಲ್ಲೋ ದೂರದ ರಾಜ್ಯದಲ್ಲಿ ಕೂತ ಮನುಷ್ಯ, ಲೈನು ಕೊರಕೊರ ಅನ್ನುತ್ತಿತ್ತು. ಮಗುವಿನ ಜೊತೆ ನಿಮ್ಮ ಸಂಬಂಧ ಎಂಥದು ಎಂದು ಜಡ್ಜ್ ಕೇಳಿದರು. "ಹುಟ್ಟಿದಾಗಿಂದ ನಾನ ಸಾಕೀನ್ರಿ" ಅಂದಳು ಶೈಲಮ್ಮ. ಫೋನಿನ ದನಿ ಇಂಗ್ಲಿಷಿನಲ್ಲಿ, ಹುಟ್ಟಿದಾಗಿನಿಂದ ನನಗೆ ಸಾಕಾಗಿದೆ, ಅಂದಿತು. ಜಡ್ಜ್ ಹುಬ್ಬು ಮೇಲೇರಿಸಿ ಏನೋ ಬರೆದುಕೊಂಡರು. ಹಿಂದಿನ ಬೆಂಚಿನಲ್ಲಿದ್ದ ಮಸರತ್ ಎದ್ದು ನಿಂತಳು. ಅವಳಿಗೆ ಅಲ್ಲಿ ಮಾತಾಡುವ ಅಧಿಕಾರವಿರಲಿಲ್ಲ. ಕೂತುಕೊಳ್ಳಿ ಅಂದರು ಜಡ್ಜ್. ಅವಳು ಕೂರಲಿಲ್ಲ. ಕೋರ್ಟಿನ ಅಧಿಕಾರಿ ಅವಳ ಕಡೆಗೆ ಹೆಜ್ಜೆ ಹಾಕಿದ. ಅಷ್ಟರಲ್ಲಿ ಇನ್ನೊಂದು ಮೇಜಿನಿಂದ ಜಾನ್ವಿಯ ದನಿ ಕೇಳಿಸಿತು. ಅವಳು ಯಾರ ಮುಖವನ್ನೂ ನೋಡದೆ, ಅವರು ಹೇಳಿದ್ದು ಹಾಗಲ್ಲ, ಮಗುವನ್ನು ಬೆಳೆಸಿದ್ದು ನಾನೇ ಅಂದರು, ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಅವಳ ವಕೀಲ ಅವಳ ತೋಳು ಮುಟ್ಟಿದ. ಅವಳು ಅಷ್ಟಕ್ಕೇ ನಿಲ್ಲಿಸಿದಳು.

ಚಳಿಗಾಲದ ಕೊನೆಯಲ್ಲಿ ತೀರ್ಪು ಬಂತು. ಅಜ್ಜಿಯಿಂದ ಮಗುವನ್ನು ಪೂರ್ತಿ ದೂರ ಮಾಡುವುದು ಮಗುವಿಗೇ ಕೆಡುಕು. ವಾರ ಬಿಟ್ಟು ವಾರ ಭಾನುವಾರ ಮಗುವನ್ನು ಕಳಿಸಬೇಕು, ನಡುವಿನ ವಾರ ವಿಡಿಯೋ ಕರೆ. ಇಂಥ ಕೇಸು ಗೆಲ್ಲುವುದು ಅಪರೂಪ ಎಂದು ಜಯ್ ಹತ್ತು ಸಲ ಹೇಳಿದ. ಪೀರ್ ಅಹ್ಮದ್ ಮೈಸೂರು ಪಾಕ್ ತಂದು ಕಚೇರಿಯವರಿಗೆಲ್ಲ ಹಂಚಿದ. ಮಸರತ್ ಆ ವಾರ ಮನೆಯಲ್ಲಿ ಸುಮ್ಮಸುಮ್ಮನೆ ನಗುತ್ತಿದ್ದಳು, ಅಕ್ಸಾಗೆ ಫೋನು ಮಾಡಿ ಕಥೆಯೆಲ್ಲ ಹೇಳಿದಳು. ಮಗಳು ಹೆಮ್ಮೆಯಿಂದ ಇಂಗ್ಲಿಷಿನಲ್ಲಿ ಏನೇನೋ ಅಂದಳು.

ಸಿರಿ ಬಂದದ್ದು ಕೆಲವೇ ಭಾನುವಾರ. ಮೇ ತಿಂಗಳಿನಲ್ಲಿ ಜಾನ್ವಿಗೆ ಡಾಲಸ್‌ನಲ್ಲಿ ಕೆಲಸ ಸಿಕ್ಕಿತು. ಅವಳ ಅಕ್ಕ ಇರುವುದು ಅಲ್ಲಿ. ಒಬ್ಬಳೇ ಮಗು ಸಾಕಿಕೊಂಡು, ಇನ್ನೂ ಮಾರಾಟವಾಗದ ಆ ಮನೆಯಲ್ಲಿ ಗಂಡ ಬಿದ್ದ ಜಾಗದ ಮೇಲೆ ದಿನಾ ಕಾರು ಹತ್ತಿಸಿಕೊಂಡು ಹೋಗುವ ಹೆಂಗಸು ಅಕ್ಕನ ಹತ್ತಿರ ಹೋಗುತ್ತೇನೆ ಅಂದರೆ ಯಾವ ಕೋರ್ಟು ಬೇಡ ಅಂದೀತು. ಮಸರತ್‌ಗೂ ಮನಸ್ಸಿನಲ್ಲಿ ಹಾಗೇ ಅನ್ನಿಸಿತು, ಹಾಗೆ ಅನ್ನಿಸಿದ್ದಕ್ಕೆ ಸಂಕಟವೂ ಆಯಿತು. ಆದೇಶ ಬದಲಾಯಿತು. ವಾರಕ್ಕೊಮ್ಮೆ ವಿಡಿಯೋ ಕರೆ, ಬೇಸಿಗೆಯಲ್ಲಿ ಒಂದು ವಾರ.

ಬೇಸಿಗೆಯ ಆ ವಾರ ಆಗಲಿಲ್ಲ. ಕುಶ್‌ನ ಮನೆಯಲ್ಲಿ ಇನ್ನೊಂದು ಮಗುವನ್ನು ಇರಿಸಿಕೊಳ್ಳಲು ಅವರು ಒಪ್ಪಲಿಲ್ಲ, ಶೈಲಮ್ಮನಿಗೆ ಬೇರೆ ಮನೆಯಿರಲಿಲ್ಲ. ಉಳಿದದ್ದು ಭಾನುವಾರದ ಕರೆ. ಟ್ಯಾಬ್ಲೆಟ್ ಹೊಂದಿಸಿ ಕೊಡಲು ಮಸರತ್ ಎಷ್ಟೋ ಭಾನುವಾರ ರಾಬಿನ್ಸ್‌ವಿಲ್‌ಗೆ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದಳು. ಶೈಲಮ್ಮ ಒಗೆದ ಸೀರೆ ಉಟ್ಟು, ವಿಭೂತಿ ಹಚ್ಚಿ, ಕರೆ ಬರುವುದಕ್ಕೆ ಎಷ್ಟೋ ಮುಂಚೆ ಕೂತಿರುತ್ತಿದ್ದಳು.

ಮೊದಲು ಸಿರಿ ಬಾಯಿತುಂಬ ಮಾತಾಡುತ್ತಿದ್ದಳು. ಹೊಸ ಶಾಲೆಯಲ್ಲಿ ಮೊಲ ಸಾಕಿದ್ದಾರೆ ಅನ್ನುತ್ತಿದ್ದಳು. ಆಮೇಲೆ ಕನ್ನಡದ ನಡುವೆ ಇಂಗ್ಲಿಷ್ ಹೆಚ್ಚಾಯಿತು. ಆಮೇಲೆ ಇಂಗ್ಲಿಷಿನ ನಡುವೆ ಒಂದೆರಡು ಕನ್ನಡ ಶಬ್ದ ಉಳಿದವು. ಡಾಲಸ್‌ನ ಮನೆಯಲ್ಲಿ ಕನ್ನಡ ಆಡಲು ಜಾನ್ವಿಗೆ ಹೊತ್ತಿರಲಿಲ್ಲ, ಅವಳ ಅಕ್ಕನ ಮಕ್ಕಳಿಗೆ ಬರುತ್ತಿರಲಿಲ್ಲ. "ಉಂಡೀಯೇನವ್ವಾ?" ಎಂದು ಶೈಲಮ್ಮ ಕೇಳಿದರೆ ಮಗು ಅಮ್ಮನ ಕಡೆ ತಿರುಗಿ ಅದೇನು ಎಂದು ಕೇಳುವಂತಾಯಿತು. ಶೈಲಮ್ಮ ಕೈಯಿಂದ ತುತ್ತು ಮಾಡಿ ತೋರಿಸುತ್ತಿದ್ದಳು. ಮಗು ತಲೆಯಾಡಿಸುತ್ತಿತ್ತು. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಕೂರುತ್ತಿದ್ದರು, ಆಮೇಲೆ ಮಗುವಿನ ಕಣ್ಣು ಬೇರೆಲ್ಲಿಗೋ ಹೋಗುತ್ತಿತ್ತು.

ಇಂಗ್ಲಿಷ್ ಕಲಿಯುತ್ತೇನೆ ಅಂದಳು ಶೈಲಮ್ಮ. ಮಸರತ್ ಗ್ರಂಥಾಲಯದ ತರಗತಿಗೆ ಹೆಸರು ಬರೆಸಿದಳು. ಕುಶ್‌ನನ್ನು ಬಿಟ್ಟು ಹೋಗಲು ಆಗದೆ ಅದೂ ನಿಂತಿತು.

ಅಕ್ಟೋಬರಿನ ಒಂದು ಭಾನುವಾರ ಕರೆ ಹತ್ತಿದಾಗ ಪರದೆಯ ಮೇಲೆ ಖಾಲಿ ಕುರ್ಚಿ ಕಾಣಿಸಿತು. ಆಚೆ ಕಡೆ ಹುಟ್ಟುಹಬ್ಬದ ಗದ್ದಲವಿತ್ತು, ಅಕ್ಕನ ಮಗುವಿನದಿರಬೇಕು. ಜಾನ್ವಿ ಸಿರಿಯನ್ನು ಕರೆಯುವುದು ಕೇಳಿಸಿತು. ಸಿರಿ ಬರುವುದಿಲ್ಲ ಅಂದಳು. ಜಾನ್ವಿ ಕೈ ಹಿಡಿದು ಎಳೆತಂದಳು. ಮಗು ಮೇಜಿನ ಕೆಳಗೆ ತೂರಿಕೊಂಡು ಅತ್ತಿತು. ಅಳುತ್ತಲೇ ಅಮ್ಮನನ್ನು ಇಂಗ್ಲಿಷಿನಲ್ಲಿ ಏನೋ ಕೇಳಿತು. ಜಾನ್ವಿಯೂ ದಣಿದ ದನಿಯಲ್ಲಿ ಇಂಗ್ಲಿಷಿನಲ್ಲಿ ಉತ್ತರಿಸಿದಳು. ಆಮೇಲೆ ಪರದೆಗೆ ಬಗ್ಗಿ, "ಅತ್ತೆ, ಐದು ನಿಮಿಷ ಇರಿ, ಕೂರಿಸ್ತೀನಿ" ಅಂದಳು. ಅವಳ ಕಣ್ಣಿನ ಕೆಳಗೆ ಕಪ್ಪಾಗಿತ್ತು.

ಶೈಲಮ್ಮ ಮಸರತ್ ಕಡೆ ತಿರುಗಿ, ಆ ಕೂಸು ಏನು ಕೇಳಿತು, ಇವಳು ಏನಂದಳು ಎಂದು ಕೇಳಿದಳು.

ಬೇರೆ ಏನಾದರೂ ಹೇಳಬಹುದಿತ್ತು. ಮಗುವಿಗೆ ನಿದ್ದೆ ಬಂದಿದೆ ಅನ್ನಬಹುದಿತ್ತು. ಆದರೆ ಇನ್ನೊಬ್ಬರು ಆಡಿದ್ದನ್ನು ಆಡಿದ ಹಾಗೆಯೇ ತಂದುಕೊಡುವುದನ್ನು ಒಂಬತ್ತು ವರ್ಷ ಮಾಡಿದ ನಾಲಿಗೆ ಅದು.

"ನಾನು ಮಾತಾಡ್ಲೇಬೇಕಾ ಅಂತ ಕೇಳಿದ್ಳಮ್ಮ," ಅಂದಳು ಮಸರತ್. "ಮಾತಾಡ್ಲೇಬೇಕು, ಜಡ್ಜ್ ಹೇಳಿದಾರೆ, ಅಂದ್ರು ಅವ್ರು."

ಶೈಲಮ್ಮ ಟ್ಯಾಬ್ಲೆಟ್ ಮುಚ್ಚಿದಳು. ಮರುದಿನ ಮಸರತ್‌ಗೆ ಫೋನು ಮಾಡಿ, ಕೋರ್ಟಿನ ಆ ಆದೇಶವನ್ನು ರದ್ದು ಮಾಡಿಸಿ ಅಂದಳು.

ಮಸರತ್ ಆ ದಿನವೇ ರಾಬಿನ್ಸ್‌ವಿಲ್‌ಗೆ ಹೋದಳು. ಕುಶ್ ನೆಲದ ಮೇಲೆ ತಟ್ಟೆ ಬಡಿಯುತ್ತ ಕೂತಿದ್ದ. ಅವಳು ಶೈಲಮ್ಮನ ಎದುರು ಕೂತು, ಆದೇಶ ಬಿಟ್ಟುಕೊಟ್ಟರೆ ಮತ್ತೆ ಸಿಗುವುದು ಕಷ್ಟ, ಬದಲಿಗೆ ತಿಂಗಳಿಗೊಮ್ಮೆ ಕೇಳಬಹುದು, ಮಗುವಿನ ಜೊತೆ ಕೂರಲು ಒಬ್ಬ ಕೌನ್ಸೆಲರ್‌ನನ್ನು ಕೇಳಬಹುದು, ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ತನ್ನ ದನಿ ಬೇಡುವವರ ದನಿಯಾದದ್ದು ಅವಳಿಗೇ ಕೇಳಿಸಿತು.

"ನಿಮಗೆ ಹಕ್ಕಿದೆ ಅಮ್ಮ. ಎಷ್ಟು ಕಷ್ಟಪಟ್ಟು ತಗೊಂಡಿದ್ದು."

"ಹಕ್ಕ ಐತಿ ತಂಗಿ, ನಾ ಇಲ್ಲ ಅನ್ನೂದಿಲ್ಲ," ಅಂದಳು ಶೈಲಮ್ಮ. "ನೀವು ಭಾಳ ಮಾಡೀರಿ. ಆದ್ರ ನಾ ಕೇಳಿದ್ದು ಇದನ್ನಲ್ಲ. ಆ ಕೂಸಿಗೆ ನನ್ನ ಮಾರಿ ನೋಡೂದು ಒಂದು ಶಿಕ್ಷಾ ಆಗೈತಿ. ಅಜ್ಜಿ ಅಂದ್ರ ಪೊಲೀಸ್ನೋರು ಅಂದಂಗ ಆಗೈತಿ. ಅಷ್ಟಕ್ಕ ನಾ ಯಾಕ ಇರಬೇಕು ಹೇಳ್ರಿ."

ಮಸರತ್ ತಂದಿದ್ದ ಕಾಗದಗಳನ್ನು ಮತ್ತೆ ಚೀಲಕ್ಕೆ ಹಾಕಿಕೊಂಡಳು.

ಜಯ್ ಮತ್ತೊಮ್ಮೆ ಯೋಚಿಸಿ ಎಂದು ಎರಡು ಸಲ ಹೇಳಿ ಕಳಿಸಿದ, ಕೊನೆಗೆ ಕಾಗದ ತಯಾರು ಮಾಡಿದ. ಶೈಲಮ್ಮ ಕನ್ನಡದಲ್ಲಿ ಸಹಿ ಹಾಕಿದಳು. ಅದು ತಲುಪಿದ ಮೇಲೆ ಜಾನ್ವಿ ಮಸರತ್‌ಗೆ ನೇರವಾಗಿ ಕರೆ ಮಾಡಿದಳು. ಇದರಲ್ಲಿ ಏನು ಟ್ರಿಕ್ ಇದೆ, ನಾಳೆ ಇನ್ನೊಂದು ಕೇಸು ಹಾಕುತ್ತೀರಾ ಎಂದು ಕೇಳಿದಳು. ಏನೂ ಇಲ್ಲ, ಅವರು ಬಿಟ್ಟುಕೊಟ್ಟಿದ್ದಾರೆ, ಅಷ್ಟೇ ಅಂದಳು ಮಸರತ್. ಹಿನ್ನೆಲೆಯಲ್ಲಿ ವಾಷಿಂಗ್ ಮಷೀನ್ ತಿರುಗುವ ಸದ್ದು ಕೇಳಿಸುತ್ತಿತ್ತು.

"ಅತ್ತೆಗೆ ಥ್ಯಾಂಕ್ಸ್ ಹೇಳಿ," ಅಂದಳು ಕೊನೆಗೆ.

ಅದನ್ನೂ ಮಸರತ್ ಹಾಗೆಯೇ ತಲುಪಿಸಿದಳು. ಆ ಒಂದು ಶಬ್ದಕ್ಕೆ ಅನುವಾದ ಬೇಕಾಗಲಿಲ್ಲ. ಶೈಲಮ್ಮ ಹೂಂ ಅಂದು ಕುಶ್‌ನ ಹಾಲು ಕಾಯಿಸಲು ಎದ್ದಳು.

ಡಿಸೆಂಬರಿನಲ್ಲಿ ಕುಶ್‌ನ ಸ್ವಂತ ಅಜ್ಜಿ ಗುಜರಾತಿನಿಂದ ಬಂದರು, ಆ ಮನೆಯಲ್ಲಿ ಶೈಲಮ್ಮನ ಅಗತ್ಯ ಮುಗಿಯಿತು. ಪೀರ್ ಅಹ್ಮದ್ ಟಿಕೆಟ್ ಬುಕ್ ಮಾಡಿದ. ನ್ಯೂಆರ್ಕ್ ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿಗೆ ಕಾಯುತ್ತ ನಿಂತಾಗ, ಒಂದು ವರ್ಷದೊಳಗೆ ವಾಪಸು ಬರದಿದ್ದರೆ ಗ್ರೀನ್ ಕಾರ್ಡ್ ಹೋಗುತ್ತದೆ, ಬರುವ ಮನಸ್ಸಿದ್ದರೆ ಮೊದಲೇ ಅನುಮತಿ ಕೇಳಬಹುದಿತ್ತು ಎಂದು ಮಸರತ್ ಹೇಳಲು ಹೊರಟಳು. ಅರ್ಧಕ್ಕೆ ನಿಲ್ಲಿಸಿದಳು. ಶೈಲಮ್ಮ ಅವಳ ಗಲ್ಲ ಮುಟ್ಟಿ ಲಟಿಗೆ ಮುರಿದು ದೃಷ್ಟಿ ತೆಗೆದಳು.

ಕಚೇರಿಯ ಆ ವರ್ಷದ ವರದಿಯಲ್ಲಿ, ಗೆದ್ದ ಕೇಸುಗಳ ಸಾಲಿನಲ್ಲಿ, ಅಜ್ಜಿಗೆ ಮೊಮ್ಮಗಳ ಭೇಟಿ ದೊರಕಿಸಿಕೊಟ್ಟದ್ದೂ ಇತ್ತು. ಡೈರೆಕ್ಟರ್ ಅದನ್ನು ಎಲ್ಲರ ಮುಂದೆ ಓದಿ ಮಸರತ್ ಹೆಸರು ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಮನೆಗೆ ಬಂದು ಕೆಲಸ ಬಿಡುತ್ತೇನೆ ಅಂದಳು. ಬಿಡು ಅಂದ ಪೀರ್ ಅಹ್ಮದ್. ಆದರೆ ಅವಳು ಬಿಡಲಿಲ್ಲ. ಬಿಟ್ಟು ಏನು ಮಾಡುವುದೆಂದು ತೋಚಲಿಲ್ಲ. ಬಂದವರಿಗೆ ಈಗಲೂ ಇರುವುದನ್ನು ಇದೆ ಅನ್ನುತ್ತಾಳೆ, ಇಲ್ಲದ್ದನ್ನು ಇಲ್ಲ ಅನ್ನುತ್ತಾಳೆ. ಕೋರ್ಟಿಗೆ ಹೋದರೆ ಗೆಲ್ಲುತ್ತೇನಾ ಎಂದು ಅವರು ಕೇಳಿದಾಗ ಮಾತ್ರ ಮೊದಲಿನಂತೆ ಮುಖ ನೋಡಿ ಉತ್ತರ ಕೊಡಲು ಅವಳಿಂದ ಆಗುವುದಿಲ್ಲ.

ಮೊನ್ನೆ ಮಾರ್ಚ್‌ನಲ್ಲಿ, ಊಟದ ಬಿಡುವಿನಲ್ಲಿ, ಅವಳು ಕಾರಿನಲ್ಲಿ ಕೂತು ಸಿಂಧನೂರಿಗೆ ಫೋನು ಮಾಡಿದಳು. ಶೈಲಮ್ಮ ತಂಗಿಯ ಮನೆಯಲ್ಲಿದ್ದಳು. ಬಿಸಿಲು ಈಗಲೇ ಜೋರಾಗಿದೆ, ಮೊಣಕಾಲು ಹಿಡಿದುಕೊಂಡಿದೆ ಅಂದಳು. ಸಿರಿಯ ಮಾತು ತೆಗೆಯಲಿಲ್ಲ. ಮಾತಿನ ನಡುವೆ, ರೇಷನ್ ಕಾರ್ಡಿನಿಂದ ತನ್ನ ಹೆಸರು ತೆಗೆದುಹಾಕಿದ್ದಾರೆ, ವಿಧವೆಯರಿಗೆ ಬರುವ ಪಿಂಚಣಿಗೆ ಹೋದರೆ ಇಷ್ಟು ವರ್ಷ ಎಲ್ಲಿದ್ದೆ ಎಂದು ಕೇಳಿ ವಾಪಸು ಕಳಿಸಿದರು ಅಂದಳು. ಏನೋ ಸುದ್ದಿ ಹೇಳುವ ಹಾಗೆ ಅಂದಳು, ದೂರಿನಂತಿರಲಿಲ್ಲ.

ಮಸರತ್ ನೆಟ್ಟಗೆ ಕೂತಳು. ಹೆಸರು ಹಾಗೆ ತೆಗೆದರೆ ತಹಶೀಲ್ದಾರರ ಕಚೇರಿಯಲ್ಲಿ ಆಕ್ಷೇಪಣೆ ಸಲ್ಲಿಸಬಹುದು, ಪಿಂಚಣಿ ಏಕೆ ಇಲ್ಲವೆಂದು ಬರವಣಿಗೆಯಲ್ಲಿ ಕೊಡಲು ಕೇಳಬಹುದು, ತಾಲೂಕಿನಲ್ಲಿ ಉಚಿತ ಕಾನೂನು ಸೇವೆಯವರು ಇರುತ್ತಾರೆ, ಅವರ ನಂಬರು ಹುಡುಕಿ ಕೊಡುತ್ತೇನೆ ಅಂದಳು. ಬಹಳ ವರ್ಷದ ಹಿಂದೆ ಮೈಸೂರಿನ ಕೋರ್ಟಿನಲ್ಲಿ ಕಲಿತದ್ದೆಲ್ಲ ಒಂದೊಂದಾಗಿ ಬಾಯಿಗೆ ಬರುತ್ತಿತ್ತು.

ಲೈನು ಹೋಯಿತೇನೋ ಅಂದುಕೊಂಡು ಅಮ್ಮಾ ಎಂದು ಕರೆದಳು.

"ಕೇಳಾಕತ್ತೀನಿ ತಂಗಿ," ಅಂದಳು ಶೈಲಮ್ಮ. "ಬಿಡ್ರಿ. ಊಟ ಆತೇನು ನಿಮ್ದು?"

ಆಗಿರಲಿಲ್ಲ. ಆಯಿತು ಅಂದಳು ಮಸರತ್. ಫೋನು ಇಟ್ಟ ಮೇಲೆ ಡಬ್ಬಿ ತೆರೆಯದೆ ಕಾರಿನಲ್ಲೇ ಕೂತಿದ್ದಳು. ಕಚೇರಿಯ ಮೆಟ್ಟಿಲ ಹತ್ತಿರ ಇಬ್ಬರು ಹೆಂಗಸರು ಬಾಗಿಲು ತೆರೆಯುವುದನ್ನೇ ಕಾಯುತ್ತ ನಿಂತಿದ್ದರು. ಅವರನ್ನು ನೋಡಿಯೂ ಅವಳಿಗೆ ಬಹಳ ಹೊತ್ತು ಇಳಿಯಲಾಗಲಿಲ್ಲ.